ಹೆಡ್‌ಮೇಷ್ಟ್ರು ಹೇಳುವ ಭವಿಷ್ಯದಲ್ಲಿ ನಮ್ಮ ಜಾಗ ಎಲ್ಲಿ?



ಕಳೆದ ಫೆಬ್ರವರಿಯಲ್ಲಿ ನಮ್ಮೂರ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೀಳ್ಕೊಡುಗೆ ಸಮಾರಂಭ ಇತ್ತು. ಶಾಮಿಯಾನ ಹಾಕಿಸಿ ತಂದೆ ತಾಯಂದಿರನ್ನೂ ಕರೆದಿದ್ದರು. ನನ್ನ ತಮ್ಮನ ಮಗಳು ಪರೀಕ್ಷೆಗೆ ಕೂರುವವಳಿದ್ದಳು, ಅದಕ್ಕೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮುಖ್ಯೋಪಾಧ್ಯಾಯರು ಮಕ್ಕಳನ್ನು ಭವಿಷ್ಯಕ್ಕೆ ಸಿದ್ಧ ಮಾಡುವುದು ಹೇಗೆ ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಕಂಪ್ಯೂಟರು, ಇಂಗ್ಲಿಷು, ಸ್ಪರ್ಧಾತ್ಮಕ ಪರೀಕ್ಷೆ, ಎಲ್ಲಾ ಹೇಳಿದರು. ಕೊನೆಗೆ ಮಕ್ಕಳ ಕಡೆ ಕೈ ತೋರಿಸಿ ಆಡಿದ ಮಾತು ಇದು: "ಚೆನ್ನಾಗಿ ಓದಿದೋರು ಈ ಊರು ಬಿಟ್ಟು ಮೇಲಕ್ಕೆ ಹೋಗ್ತೀರಿ. ಓದದೇ ಇದ್ದೋರು ನಿಮ್ಮಪ್ಪಂದಿರ ಹಾಗೆ ಇಲ್ಲೇ ಮಣ್ಣು ಹೊರ್ತೀರಿ. ಯಾವುದು ಬೇಕೋ ನೀವೇ ಆರಿಸ್ಕೊಳ್ಳಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರುಗಳು ತಟ್ಟಿದರು. ಆ ಮಣ್ಣು ಹೊರುವ ಅಪ್ಪಂದಿರು ಇದ್ದೆವಲ್ಲ, ನಾವೂ ತಟ್ಟಿದೆವು. ನಾನೂ ತಟ್ಟಿದೆ.

ರಾತ್ರಿ ಊಟಕ್ಕೆ ಕೂತಾಗ ತುತ್ತು ಇಳಿಯಲಿಲ್ಲ. ನಮ್ಮನ್ನೇ ನಮ್ಮ ಮಕ್ಕಳ ಮುಂದೆ ದೆವ್ವದ ಹಾಗೆ ತೋರಿಸಿ ಹೆದರಿಸಿದರು, ಅದಕ್ಕೆ ನಾವೇ ಚಪ್ಪಾಳೆ ಹೊಡೆದು ಬಂದೆವು. ಇದಕ್ಕಿಂತ ದೊಡ್ಡ ಗುಲಾಮಗಿರಿ ಉಂಟೇ?

ಈ ಮಾತು ಹೊಸದಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1985ರಲ್ಲಿ. ಆಗ ನಮ್ಮ ಮೇಷ್ಟ್ರು ಲೆಕ್ಕ ತಪ್ಪಿದವನ ಕಿವಿ ಹಿಂಡಿ, "ನಿನಗೆ ಓದು ಯಾಕಲೇ, ಎಮ್ಮೆ ಕಾಯೋಕೆ ಹೋಗು" ಅನ್ನುತ್ತಿದ್ದರು. ನಿಮ್ಮಲ್ಲಿ ಈ ಮಾತು ಕೇಳದವರು ಯಾರಿದ್ದೀರಿ, ಕೈ ಎತ್ತಿ ನೋಡೋಣ. ಆ ಎಮ್ಮೆಯ ಹಾಲು ಕಾಫಿಗೆ ಬೇಕು, ಎಮ್ಮೆ ಕಾಯುವವನು ಮಾತ್ರ ಶಿಕ್ಷೆಗೆ ಗುರಿಯಾದವನು. ನಲವತ್ತು ವರ್ಷದಲ್ಲಿ ಬದಲಾದದ್ದು ಇಷ್ಟೇ: ಅಂದು ಕಿವಿ ಹಿಂಡಿ ಹೇಳುತ್ತಿದ್ದದ್ದನ್ನು ಇಂದು ಮೈಕು ಹಿಡಿದು ಮರ್ಯಾದೆಯಾಗಿ ಹೇಳುತ್ತಾರೆ.

ಮಾರನೇ ದಿನ ನಾನು ಶಾಲೆಗೇ ಹೋದೆ. ಜಗಳ ಮಾಡಬೇಕು ಅಂತಲೇ ಹೋದೆ, ಸುಳ್ಳು ಹೇಳುವುದಿಲ್ಲ. ಹೆಡ್‌ಮೇಷ್ಟ್ರು ಕೂರಿಸಿ ಟೀ ತರಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಪರೀಕ್ಷೆ ಹತ್ತಿರ ಬಂದರೆ ಸಂಜೆ ಏಳರ ತನಕ ಮಕ್ಕಳನ್ನು ಕೂರಿಸಿ ಓದಿಸುತ್ತಾರೆ, ಫೀಸು ಕಟ್ಟಲಾಗದ ಮಕ್ಕಳಿಗೆ ತಮ್ಮ ಜೇಬಿನಿಂದ ಕಟ್ಟಿದ್ದೂ ಉಂಟು. ಅವರ ಅಪ್ಪನೂ ಒಕ್ಕಲು ಮಕ್ಕಳೇ. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡು ಅವರು ಅಂದರು:

"ಯಜಮಾನ್ರೇ, ರಿಸಲ್ಟ್ ಎರಡು ಪರ್ಸೆಂಟ್ ಕಮ್ಮಿ ಆದ್ರೆ ಮೇಲಿನೋರು ನನ್ನ ಕೇಳ್ತಾರೆ, ನೋಟೀಸ್ ಕೊಡ್ತಾರೆ. ಈ ಊರಲ್ಲಿ ಎಷ್ಟು ಹುಡುಗ್ರು ಒಕ್ಕಲುತನದಲ್ಲಿ ಉದ್ಧಾರ ಆದ್ರು ಅಂತ ಯಾರೂ ಕೇಳಲ್ಲ. ಅದು ಹೋಗಲಿ. ನಾನು ನಿಮ್ಮನ್ನೇ ಒಂದು ಮಾತು ಕೇಳ್ತೀನಿ. ಒಂದೇ ಒಂದು ಬೆಳೆ ಹೆಸರು ಹೇಳಿ. ಇದನ್ನ ನಂಬ್ಕೊಂಡು ಊರಲ್ಲಿರು, ಮದುವೆ ಮಾಡ್ಕೊ, ಮಕ್ಕಳನ್ನ ಓದ್ಸು ಅಂತ ನಾನು ಧೈರ್ಯವಾಗಿ ಒಬ್ಬ ಹುಡುಗನಿಗೆ ಹೇಳಬಹುದಾದ ಬೆಳೆ. ಒಂದೇ ಒಂದು."

ಬಂಧುಗಳೇ, ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಹಸಿರು ಶಾಲು ಹೊದ್ದು ಮೆರವಣಿಗೆ ಹೋದವನು, ಬಾಯಿ ಮುಚ್ಚಿಕೊಂಡು ಕೂತೆ.

ಕೊಬ್ಬರಿ ಅನ್ನಲೇ? ನಮ್ಮದು ತಿಪಟೂರು ಸೀಮೆಯ ಕಡೆ, ತೆಂಗೇ ನಮ್ಮ ಕೈಕಾಲು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಅಂತ ಸಾರಿತ್ತು. ಅದೇ ವರ್ಷ ಮಾರುಕಟ್ಟೆಯಲ್ಲಿ 8,000 ರೂಪಾಯಿ ಆಸುಪಾಸಿಗೆ ಕುಸಿಯಿತು. 2025ರಲ್ಲಿ ಬೆಲೆ 20,000 ದಾಟಿ ಓಡಿತು, ಆದರೆ ಆ ಹೊತ್ತಿಗೆ ಬಿಸಿಲಿಗೂ ನುಸಿಗೂ ಬಿಳಿನೊಣಕ್ಕೂ ಸಿಕ್ಕಿ ಮರದಲ್ಲಿ ಕಾಯಿ ಇರಲಿಲ್ಲ. ಕಾಯಿ ಇದ್ದಾಗ ಬೆಲೆ ಇಲ್ಲ, ಬೆಲೆ ಬಂದಾಗ ಕಾಯಿ ಇಲ್ಲ. ಇದನ್ನು ನಂಬಿಕೊಂಡಿರು ಅಂತ ಹೈಸ್ಕೂಲು ಹುಡುಗನಿಗೆ ಯಾವ ಬಾಯಲ್ಲಿ ಹೇಳಲಿ?

ಇದು ನನ್ನೊಬ್ಬನ ಗೋಳಲ್ಲ. ಕೇಂದ್ರ ಸರ್ಕಾರವೇ 2018-19ನೇ ಸಾಲಿಗೆ ಮಾಡಿಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ ನೋಡಿ. ದೇಶದ ಒಂದು ರೈತ ಕುಟುಂಬದ ತಿಂಗಳ ಸರಾಸರಿ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798 ರೂಪಾಯಿ ಮಾತ್ರ. ಕೂಲಿ, ಸಂಬಳದಿಂದ ಬಂದದ್ದು 4,063. ಅಂದರೆ ಹೊಲದ ಯಜಮಾನ ಅನ್ನಿಸಿಕೊಂಡವನು ತನ್ನ ಹೊಲಕ್ಕಿಂತ ಕೂಲಿಯನ್ನೇ ಹೆಚ್ಚು ನಂಬಿ ಬದುಕಿದ್ದಾನೆ. ನೂರಕ್ಕೆ ಐವತ್ತು ಕುಟುಂಬ ಸಾಲದಲ್ಲಿದ್ದವು, ಸರಾಸರಿ ಸಾಲ 74,121 ರೂಪಾಯಿ. 2003ರ ಸಮೀಕ್ಷೆಯಲ್ಲೇ, ಬೇರೆ ದಾರಿ ಇದ್ದರೆ ಒಕ್ಕಲುತನ ಬಿಡುತ್ತೇವೆ ಎಂದು ನೂರಕ್ಕೆ ನಲವತ್ತು ರೈತರು ಹೇಳಿದ್ದರು. ಹೆಡ್‌ಮೇಷ್ಟ್ರು ಮೈಕಿನಲ್ಲಿ ಹೇಳಿದ್ದನ್ನೇ ಆ ನಲವತ್ತು ಜನ ಸರ್ಕಾರದ ಕಾಗದದ ಮೇಲೆ ಹೇಳಿದ್ದಾರೆ.

ಆದ್ದರಿಂದ ಮೊದಲನೇ ಮಾತು ಸ್ಪಷ್ಟವಾಗಲಿ. ನಮ್ಮ ಮಕ್ಕಳಿಗೆ ಹಳ್ಳಿ ಬಿಡು ಎಂದು ಕಲಿಸುತ್ತಿರುವ ದೊಡ್ಡ ಮೇಷ್ಟ್ರು ಶಾಲೆಯಲ್ಲಿಲ್ಲ, ಮಾರುಕಟ್ಟೆಯಲ್ಲಿದ್ದಾನೆ. ಅವನ ಹೆಸರು ಬೆಲೆ. ಬೆಲೆ ಹೇಳಿಕೊಟ್ಟ ಪಾಠವನ್ನು ಹೆಡ್‌ಮೇಷ್ಟ್ರು ಒಪ್ಪಿಸುತ್ತಿದ್ದಾರೆ, ಅಷ್ಟೇ. ಸರ್ಕಾರಿ ನೌಕರರಿಗೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಏರುತ್ತದೆ. 2024ರ ಆಗಸ್ಟಿನಿಂದ ಏಳನೇ ವೇತನ ಆಯೋಗದ ಪ್ರಕಾರ ಸಂಬಳವೂ ಏರಿತು. ಏರಲಿ, ಮೇಷ್ಟರ ತಟ್ಟೆಯಿಂದ ಕಿತ್ತುಕೊಳ್ಳಿ ಅಂತ ನಾವು ಯಾವತ್ತೂ ಹೇಳಿದವರಲ್ಲ. ಆದರೆ ದಿನಸಿ ಬೆಲೆ ಏರಿದರೆ ನೌಕರನಿಗೆ ಭತ್ಯೆ. ಗೊಬ್ಬರ, ಡೀಸೆಲ್, ಆಳಿನ ಕೂಲಿ ಏರಿದರೆ ರೈತನಿಗೆ ಏನು? ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ, ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಶೇಕಡಾ 50 ಸೇರಿಸಿ ಬೆಂಬಲ ಬೆಲೆ ಕೊಡಿ ಎಂದು 2006ರಲ್ಲೇ ಹೇಳಿತು. ನಮ್ಮ ಸ್ವಂತ ಜಮೀನಿನ ಗೇಣಿ, ನಮ್ಮ ಬಂಡವಾಳದ ಬಡ್ಡಿ ಎರಡನ್ನೂ ಬಿಟ್ಟು ವೆಚ್ಚ ಲೆಕ್ಕ ಹಾಕಿ, ಇಗೋ ಒಂದೂವರೆ ಪಟ್ಟು ಕೊಟ್ಟೆವು ಅನ್ನುತ್ತಾರೆ. ಈ ಆಟ ನಮ್ಮಲ್ಲಿ ಎಷ್ಟು ಜನಕ್ಕೆ ಅರ್ಥವಾಗುತ್ತದೆ?

ಇಲ್ಲಿಂದಲೇ ನನ್ನ ಎರಡನೇ ಮಾತು ಶುರುವಾಗುವುದು. ಹೆಡ್‌ಮೇಷ್ಟರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಿಜ. ಆದರೆ ನನ್ನ ಪ್ರಶ್ನೆಗೆ ಅವರ ಹತ್ತಿರವೂ ಉತ್ತರ ಇರಲಿಲ್ಲ. ಅದನ್ನು ಹೇಳಬೇಕಾದರೆ ನನ್ನ ಮನೆಯ ಮಾನ ಬಿಟ್ಟು ಹೇಳಬೇಕು. ಹೇಳುತ್ತೇನೆ.

ನನ್ನ ಮಗ ಇದೇ ಶಾಲೆಯಲ್ಲಿ ಓದಿದವನು. ಗಣಿತದಲ್ಲಿ ನೂರಕ್ಕೆ 92 ತಂದ. ಪೇಟ ಸುತ್ತಿ ಹಾರ ಹಾಕಿದರು. ಪಿ.ಯು. ಮುಗಿಸಿ 2019ರಲ್ಲಿ ಇಂಜಿನಿಯರಿಂಗ್ ಸೇರಿದ. ಫೀಸಿಗೆ ದುಡ್ಡಿಲ್ಲ. ಆ ಜುಲೈನಲ್ಲಿ ನನ್ನ ಹೆಂಡತಿಯ ಎರಡೆಳೆ ಸರ, 32 ಗ್ರಾಂ, ಪೇಟೆಯ ಒಂದು ಫೈನಾನ್ಸ್ ಕಂಪನಿಯಲ್ಲಿ ಇಟ್ಟು 70,000 ರೂಪಾಯಿ ತಂದೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ತೆಂಗಿನ ಫಸಲು ಬಂದಾಗ ಬಿಡಿಸೋಣ ಅಂದುಕೊಂಡೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಎಲ್ಲಾ ಬಂದ್ ಆಯಿತು. ಬೆಂಗಳೂರಿಗೆ ಹೋಗಿದ್ದ ಮಕ್ಕಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರು. ಭವಿಷ್ಯ ಅಂತ ತೋರಿಸಿದ್ದ ಪಟ್ಟಣ ಕದ ಹಾಕಿಕೊಂಡಾಗ ಅವರಿಗೆ ಅನ್ನ ಹಾಕಿದ್ದು ಯಾರು? ಇದೇ ಮಣ್ಣು ಹೊರುವ ಅಪ್ಪಂದಿರು. ಅದನ್ನು ಯಾವ ಬೀಳ್ಕೊಡುಗೆ ಭಾಷಣದಲ್ಲೂ ನಾನು ಕೇಳಿಲ್ಲ.

ಆ ವರ್ಷದ ಕೊನೆಗೆ ಕಂಪನಿಯಿಂದ ಒಂದು ರಿಜಿಸ್ಟರ್ ಕಾಗದ ಬಂತು, ಇಂಗ್ಲಿಷಿನಲ್ಲಿ. ನಾನು ಹೊಲದಲ್ಲಿದ್ದೆ, ಮಗ ಸಹಿ ಹಾಕಿ ತೆಗೆದುಕೊಂಡ. ಓದಿದ. ಸರ ಹರಾಜಾಗುತ್ತದೆ ಅಂತ ಗೊತ್ತಾಯಿತು. ಆದರೆ ನನಗೆ ಹೇಳಲಿಲ್ಲ. ಪುಸ್ತಕದೊಳಗೆ ಇಟ್ಟುಕೊಂಡ. 2021ರ ಜನವರಿಯಲ್ಲಿ ನಾನು ಒಂದಿಷ್ಟು ದುಡ್ಡು ಹೊಂಚಿಕೊಂಡು ಬಡ್ಡಿ ಕಟ್ಟೋಣ ಅಂತ ಹೋದರೆ, ಸರ ಹರಾಜಾಗಿ ಹೋಗಿತ್ತು.

ಮನೆಗೆ ಬಂದು ಕೇಳಿದರೆ ಹುಡುಗ ಗೋಡೆ ನೋಡಿಕೊಂಡು ಅಂದ: "ನನ್ನ ಓದಿಗೆ ಅಂತ ಅಮ್ಮ ಸರ ಬಿಚ್ಚಿಕೊಟ್ಟಿದ್ದು. ಅದು ಹೋಗುತ್ತೆ ಅಂತ ಹೇಗೆ ಹೇಳಲಿ ಅಪ್ಪ? ನಾಚಿಕೆ ಆಯ್ತು."

ಈಗ ಲೆಕ್ಕ ನೋಡಿ. 70,000 ಅಸಲು, ತಿಂಗಳಿಗೆ ನೂರಕ್ಕೆ ಎರಡು, ಹದಿನೆಂಟು ತಿಂಗಳು. ಸರಳ ಬಡ್ಡಿಯಾದರೆ ಒಟ್ಟು 95,200. ತಿಂಗಳು ತಿಂಗಳು ಚಕ್ರಬಡ್ಡಿ ಹಾಕಿದರೂ 99,977. ಆ ದಿನದ ಚಿನ್ನದ ಧಾರಣೆಯಲ್ಲಿ 32 ಗ್ರಾಂ ಸರ ಒಂದೂವರೆ ಲಕ್ಷದ ಆಸುಪಾಸು ಇತ್ತು. ಮಿಕ್ಕ ದುಡ್ಡು ಎಲ್ಲಿ? 1872ರ ಭಾರತೀಯ ಕರಾರು ಕಾಯಿದೆಯ 176ನೇ ಕಲಮಿನಂತೆ, ಗಿರವಿ ಇಟ್ಟ ಒಡವೆ ಮಾರಿ ಸಾಲ ತೀರಿದ ಮೇಲೆ ಮಿಕ್ಕ ಹಣವನ್ನು ಇಟ್ಟವನಿಗೆ ವಾಪಸು ಕೊಡಲೇಬೇಕು. ಇದು ನನಗೆ ಗೊತ್ತಾದದ್ದು ಎರಡು ವರ್ಷ ಕಳೆದ ಮೇಲೆ, ಒಂದು ರೈತ ಸಭೆಯಲ್ಲಿ ಒಬ್ಬ ವಕೀಲರು ಹೇಳಿದಾಗ. ಆ ಹೊತ್ತಿಗೆ ನನ್ನ ಹತ್ತಿರ ರಸೀತಿಯೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಓದಿದ ಅಪ್ಪ, ಇಂಜಿನಿಯರಿಂಗ್ ಓದುವ ಮಗ, ಇಬ್ಬರೂ ಇದ್ದ ಮನೆಯಲ್ಲಿ ಅಷ್ಟು ದುಡ್ಡನ್ನು ಕೇಳುವವರಿಲ್ಲದೆ ಬಿಟ್ಟು ಬಂದೆವು.

ಇದನ್ನೆಲ್ಲ ಹೆಡ್‌ಮೇಷ್ಟರಿಗೆ ಹೇಳಿ ಕೇಳಿದೆ: "ಸಾರ್, ಶಾಲೆಯ ಗಣಿತದಲ್ಲಿ ಬಡ್ಡಿ ಲೆಕ್ಕ ಇದೆ. ನನ್ನ ಮಗ ಅದರಲ್ಲಿ ಒಂದು ಲೆಕ್ಕವನ್ನೂ ತಪ್ಪಿಲ್ಲ. ಅವರಮ್ಮನ ಸರದ ಲೆಕ್ಕ ಮಾಡೋಕೆ ಯಾಕೆ ಬರಲಿಲ್ಲ? ಯಾವ ಭವಿಷ್ಯಕ್ಕೆ ಅವನನ್ನ ಸಿದ್ಧ ಮಾಡಿದ್ರಿ?"

ಅವರು ಬಹಳ ಹೊತ್ತು ಸುಮ್ಮನಿದ್ದು, "ಅದು ಸಿಲಬಸ್‌ನಲ್ಲಿ ಇಲ್ಲ ಯಜಮಾನ್ರೇ" ಅಂದರು.

ಬಂಧುಗಳೇ, ಇದೇ ನನ್ನ ಆಪಾದನೆ. ನಮ್ಮ ಶಾಲೆ ಮಕ್ಕಳಿಗೆ ಸಾಲವನ್ನು ಲೆಕ್ಕ ಅಂತ ಕಲಿಸಿಲ್ಲ, ಅವಮಾನ ಅಂತ ಕಲಿಸಿದೆ. ಅಪ್ಪನ ಕಸುಬು ಹೀನ, ಅಪ್ಪನ ಸಾಲ ಹೀನ, ಅದರಿಂದ ತಪ್ಪಿಸಿಕೊಂಡು ಓಡುವುದೇ ವಿದ್ಯೆ ಅಂತ ಕಲಿಸಿದೆ. ಓಡುವವನು ತಿರುಗಿ ನೋಡುವುದಿಲ್ಲ. ನೋಡದವನಿಗೆ ಯಾರು ಯಾವ ಕಡೆಯಿಂದ ದೋಚುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಪಟ್ಟಣಕ್ಕೆ ಹೋದ ಮೇಲೂ ಅವನ ಗತಿ ಅದೇ. ಸಂಬಳದ ಚೀಟಿಯಲ್ಲಿ ಏನು ಹಿಡಿದುಕೊಂಡರು, ಮೊಬೈಲು ಸಾಲಕ್ಕೆ ಎಷ್ಟು ಬಡ್ಡಿ ಹಾಕಿದರು, ಕೇಳಲು ಅವನಿಗೆ ಬಾಯಿಲ್ಲ.

ನಲವತ್ತು ವರ್ಷದ ಹಿಂದೆ ನಮ್ಮ ಚಳವಳಿ ಮಾಡಿದ್ದು ಇದರ ವಿರುದ್ಧದ ಕೆಲಸ. 1980ರಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದು ಗುಂಡು ತಿಂದರು. ನಾನಾಗ ಪ್ರೈಮರಿ ಶಾಲೆಯ ಹುಡುಗ. ಆಮೇಲೆ ಊರೂರಿಗೆ ಬಂದ ಮಾತು, ನಾವು ಸಾಲಗಾರರಲ್ಲ, ಸರ್ಕಾರವೇ ನಮಗೆ ಬಾಕಿದಾರ ಅನ್ನುವುದು. ಅದು ಬರೀ ಘೋಷಣೆಯಲ್ಲ, ಒಂದು ಲೆಕ್ಕ. ನನ್ನ ಬೆಳೆಗೆ ವೆಚ್ಚ ಇಷ್ಟು, ಕೊಟ್ಟ ಬೆಲೆ ಇಷ್ಟು, ವ್ಯತ್ಯಾಸ ಯಾರ ಜೇಬಿಗೆ ಹೋಯಿತು ಅನ್ನುವ ಲೆಕ್ಕ. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರೂ ಕಾನೂನು ಪಾಠ ಹೇಳುತ್ತಿದ್ದ ಮೇಷ್ಟರೇ. ಈ ಲೆಕ್ಕ ಕಲಿತ ದಿನ ನಮ್ಮಪ್ಪನ ತಲೆಮಾರು ಬ್ಯಾಂಕಿನ ಜೀಪು ಕಂಡರೆ ಓಡುವುದನ್ನು ಬಿಟ್ಟಿತು. ಸಭೆಯಲ್ಲಿ ಅಪ್ಪಂದಿರು ಕಲಿತದ್ದನ್ನು ಶಾಲೆಯಲ್ಲಿ ಮಕ್ಕಳು ಯಾಕೆ ಕಲಿಯಬಾರದು?

ಶಾಲೆಗೂ ದುಡಿಮೆಗೂ ಗಂಟು ಹಾಕಿ ಅಂತ ದೊಡ್ಡವರು ಹೇಳದೆ ಬಿಟ್ಟಿಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕಸುಬಿನ ಮೂಲಕವೇ ಪಾಠ ನಡೆಯಲಿ ಅಂದರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಶಿಕ್ಷಣದ ಅಂಗವಾಗಲಿ ಅಂದಿತು. ನನ್ನ ಕಾಲಕ್ಕೆ ಆ ಕಾರ್ಯಾನುಭವ ಏನಾಗಿತ್ತು ಗೊತ್ತೇ? ಶನಿವಾರ ಪೊರಕೆ ಹಿಡಿದು ಶಾಲೆ ಕಸ ಗುಡಿಸುವುದು, ಬಕೆಟ್ಟಿನಲ್ಲಿ ಗಿಡಕ್ಕೆ ನೀರು ಹೊರುವುದು. ಮನೆಯಲ್ಲಿ ಮಾಡುತ್ತಿದ್ದದ್ದನ್ನೇ ಶಾಲೆಯಲ್ಲೂ ಮಾಡಿದೆವು. ಬುದ್ಧಿಗೆ ಅನುಭವ ಬರಲಿಲ್ಲ, ಬೆನ್ನಿಗೆ ಬಂತು.

ನನ್ನನ್ನು ತಪ್ಪು ತಿಳಿಯಬೇಡಿ. ಮಕ್ಕಳನ್ನು ನೇಗಿಲಿಗೆ ಕಟ್ಟಿಹಾಕಿ ಅಂತ ನಾನು ಹೇಳುತ್ತಿಲ್ಲ. ದೇಶದಲ್ಲಿ ನೂರಕ್ಕೆ 86 ಹಿಡುವಳಿ ಐದು ಎಕರೆಗಿಂತ ಕಡಿಮೆಯವು. ಇರುವ ಮೂರು ಎಕರೆ ನಾಲ್ಕು ಪಾಲಾದರೆ ಯಾರೂ ಉಳಿಯುವುದಿಲ್ಲ. ಹೋಗುವವರು ಹೋಗಲಿ, ಡಾಕ್ಟರಾಗಲಿ, ಇಂಜಿನಿಯರಾಗಲಿ. ಆದರೆ ಹೋಗುವವನು ಅಪ್ಪನಿಗೆ ನಾಚಿ ಓಡಿಹೋಗಬಾರದು, ಉಳಿಯುವವನು ಫೇಲಾದವನು ಅನ್ನಿಸಿಕೊಂಡು ಉಳಿಯಬಾರದು. ರೈತನ ಮಕ್ಕಳಿಗೆ ಹೆಣ್ಣು ಸಿಗುವುದಿಲ್ಲ ಅಂತ 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ಪೇಪರಿನವರು ತಮಾಷೆ ಮಾಡಿ ಬರೆದರು. ಅದು ತಮಾಷೆಯೇ? ನಲವತ್ತು ವರ್ಷ ಒಂದೇ ಪಾಠ ಹೇಳಿದರೆ ಹೆಣ್ಣುಮಕ್ಕಳು ಕಲಿಯದೇ ಇರುತ್ತಾರೆಯೇ? ನಾವಾದರೂ ಮಗಳನ್ನು ಕೊಡುವಾಗ ಏನು ಕೇಳುತ್ತೇವೆ? "ಹುಡುಗ ಎಲ್ಲಿ ಕೆಲಸದಲ್ಲಿದ್ದಾನೆ?" ನಾನೂ ಹಾಗೇ ಕೇಳಿ ಕೊಟ್ಟವನು.

ಹಾಗಾದರೆ ಏನು ಕಲಿಸಬೇಕು? ಹೊಸ ಪುಸ್ತಕ ಬೇಡ, ಹೊಸ ಕಟ್ಟಡ ಬೇಡ. ಕ್ಷೇತ್ರಫಲ ಹೇಳುವಾಗ ಊರ ಮುಂದಿನ ಹೊಲ ಅಳೆಸಿ: 33 ಅಡಿಗೆ 33 ಅಡಿ, 1,089 ಚದರಡಿ, ಅದು ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಬಡ್ಡಿ ಲೆಕ್ಕ ಹೇಳುವಾಗ ಮಕ್ಕಳ ಮನೆಯ ಒಡವೆ ಸಾಲದ ಚೀಟಿ, ಸೊಸೈಟಿ ಪಾಸ್‌ಬುಕ್ ತರಿಸಿ. ಕನ್ನಡ ಪಾಠದಲ್ಲಿ ಒಂದು ಪಹಣಿ ಓದಿಸಿ: ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದನೇ ಕಾಲಂನಲ್ಲಿ ಯಾವ ಋಣ ಕೂತಿದೆ, ಸಾಲ ತೀರಿಸಿದ ಮೇಲೂ ಅದು ಅಳಿಸದೆ ಹಾಗೇ ಇದೆಯೇ. ಇಂಗ್ಲಿಷ್ ಪಾಠದಲ್ಲಿ ಒಂದು ಹರಾಜು ನೋಟೀಸು ಓದಿಸಿ, ಅದಕ್ಕೆ ಉತ್ತರ ಬರೆಸಿ. ಮಂಡಿಯಲ್ಲಿ ಕೊಡುವ ಬಿಳಿ ಚೀಟಿಗೂ ಸರಿಯಾದ ಬಿಲ್ಲಿಗೂ ಏನು ವ್ಯತ್ಯಾಸ ಅಂತ ತೋರಿಸಿ. 2025-26ಕ್ಕೆ ರಾಗಿಗೆ 4,886 ರೂಪಾಯಿ ಬೆಂಬಲ ಬೆಲೆ ಅಂದರಲ್ಲ, ಆ ರಾಗಿಗೆ ತನ್ನ ಅಪ್ಪ ಅಮ್ಮನ ಬೆವರೂ ಸೇರಿ ಎಷ್ಟು ಬಿತ್ತು ಅಂತ ಒಬ್ಬೊಬ್ಬ ಹುಡುಗನೂ ಹುಡುಗಿಯೂ ತನ್ನ ಮನೆಯ ಲೆಕ್ಕ ಬರೆಯಲಿ. ಅಂಥ ಮೂವತ್ತು ಲೆಕ್ಕದ ಪುಸ್ತಕ ಒಂದು ಊರಿನಲ್ಲಿ ಸಿದ್ಧವಾದರೆ, ಬೆಲೆ ಕೇಳಲು ಹೋಗುವಾಗ ನಮ್ಮ ಕೈಯಲ್ಲಿ ಕಲ್ಲಲ್ಲ, ಕಾಗದ ಇರುತ್ತದೆ. ಕಾಗದಕ್ಕೆ ಅವರು ಹೆಚ್ಚು ಹೆದರುತ್ತಾರೆ.

ಹೆಡ್‌ಮೇಷ್ಟರಿಗೆ ಇಷ್ಟನ್ನೂ ಹೇಳಿದೆ. ಅವರು ಅಂದರು: "ನಾನಾಗಿ ಮಾಡಿದ್ರೆ, ಸಿಲಬಸ್ ಬಿಟ್ಟು ಏನೋ ಮಾಡ್ತಾನೆ ಅಂತಾರೆ. ಪೋಷಕರು ಎಸ್‌ಡಿಎಂಸಿ ಸಭೇಲಿ ಬಂದು ಕೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ. ಶನಿವಾರ ಒಂದು ಪೀರಿಯಡ್ ನಾನು ಬಿಡ್ತೀನಿ. ಆದ್ರೆ ಕಳೆದ ಸಭೆಗೆ ಎಷ್ಟು ಜನ ಬಂದಿದ್ರಿ ಹೇಳಿ?"

ಪುಸ್ತಕ ತೆಗೆದು ತೋರಿಸಿದರು. ನಾಲ್ಕು ಸಹಿ ಇತ್ತು. ನನ್ನದು ಇರಲಿಲ್ಲ.

ಆದ್ದರಿಂದ ಬಂಧುಗಳೇ, ಬೆಲೆಗಾಗಿ ವಿಧಾನಸೌಧದ ಮುಂದೆ ಕೂರುವುದನ್ನು ಬಿಡಬೇಡಿ. ಬೆಲೆ ಬರದೆ ಯಾವ ಶಾಲೆಯೂ ಒಬ್ಬ ಹುಡುಗನನ್ನೂ ಹೊಲದಲ್ಲಿ ನಿಲ್ಲಿಸಲಾರದು. ಆದರೆ ಶಾಲೆ ತೆರೆದ ಮೇಲೆ ನಡೆಯುವ ಮೊದಲ ಸಭೆಗೆ, ಒಂದು ಹೊತ್ತಿನ ಬೇಸಾಯ ಬಿಟ್ಟು ಹೋಗಿ. ಶಾಲು ಹೊದ್ದೇ ಹೋಗಿ. ಗಂಡಸರು ಮಾತ್ರವಲ್ಲ, ಒಡವೆ ಬಿಚ್ಚಿಕೊಟ್ಟ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ನಡವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ ಬನ್ನಿ.

ಮತ್ತೆ ಮುಂದಿನ ಫೆಬ್ರವರಿಯಲ್ಲಿ ಯಾರಾದರೂ ಮೈಕು ಹಿಡಿದು ನಿಮ್ಮಪ್ಪಂದಿರ ಹಾಗೆ ಮಣ್ಣು ಹೊರ್ತೀರಿ ಅಂದರೆ, ಚಪ್ಪಾಳೆ ತಟ್ಟಬೇಡಿ. ಎದ್ದು ನಿಂತು, "ಸ್ವಾಮಿ, ಆ ಮಣ್ಣಿನ ಲೆಕ್ಕ ನಮ್ಮ ಮಕ್ಕಳಿಗೆ ಕಲಿಸಿದ್ದೀರಾ?" ಅಂತ ಕೇಳಿ.